ಉಬ್ಬಿದ ಗೋಡೆ ಯಾರ ಲೆಕ್ಕಕ್ಕೆ?

2018ರ ಆಗಸ್ಟ್ ಮಳೆ ಕೊಡಗಿನ ಬೆಟ್ಟಗಳನ್ನು ಸೀಳಿ ಹೋದ ಬಳಿಕ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಧರೆಗೆ ಒಂದು ತಡೆಗೋಡೆ ಕಟ್ಟುವ ತೀರ್ಮಾನವಾಯಿತು. ಕಚೇರಿ ಮೇಲೆ, ಮಂಗಳೂರಿಗೆ ಹೋಗುವ ಹೆದ್ದಾರಿ ಕೆಳಗೆ, ನಡುವೆ ಕಡಿದಾದ ಇಳಿಜಾರು. ಸುಮಾರು 7 ಕೋಟಿ ರೂಪಾಯಿಯ ಕಾಮಗಾರಿ. ಹೊರದೇಶದ ತಂತ್ರಜ್ಞಾನವೆಂಬ ಪ್ರಚಾರವೂ ಅದಕ್ಕಿತ್ತು. 2021ರ ಮಳೆಗಾಲದಲ್ಲಿ ಆ ಗೋಡೆಯ ಫಲಕಗಳು ಹೊರಕ್ಕೆ ಉಬ್ಬಿದವು. ಕುಸಿತ ತಡೆಯಬೇಕಿದ್ದ ಗೋಡೆಯೇ ಕುಸಿದೀತೆಂಬ ಭಯದಿಂದ ಹೆದ್ದಾರಿಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಬೇಕಾಯಿತು. ಗೋಡೆಯ ಬುಡಕ್ಕೆ ಮರಳಿನ ಚೀಲ ಪೇರಿಸಲಾಯಿತು. ಕೋಟಿಗಟ್ಟಲೆ ಹಣದ ರಚನೆಯೊಂದಕ್ಕೆ ಗೋಣಿಚೀಲದ ಆಸರೆ ಕೊಟ್ಟ ಆ ದೃಶ್ಯವನ್ನು ಕಂಡ ಊರಿನವರು ನಗಬೇಕೋ ಅಳಬೇಕೋ ತಿಳಿಯದೆ ನಿಂತರು.

ಇಂಥ ಸಂದರ್ಭದಲ್ಲಿ ಮಲೆನಾಡಿನಲ್ಲಿ ಮೊದಲು ಏಳುವ ಮಾತು ಒಂದೇ: 'ಎಷ್ಟು ತಿಂದರು?' ಆ ಪ್ರಶ್ನೆಗೆ ಕಾರಣವಿಲ್ಲದಿಲ್ಲ. ಆದರೆ ಎಲ್ಲ ಸೋಲನ್ನೂ ಲಂಚದ ತಲೆಗೆ ಕಟ್ಟುವ ಅಭ್ಯಾಸದಿಂದ ಒಂದು ದೊಡ್ಡ ಅಪರಾಧ ತಪ್ಪಿಸಿಕೊಳ್ಳುತ್ತಿದೆ. ಯಾರೂ ಒಂದು ಪೈಸೆ ತಿನ್ನದೆಯೂ ಕೋಟಿ ಕೋಟಿ ಹಣ ಮಣ್ಣುಪಾಲಾಗಬಹುದು. ಅಳೆಯದೆ ಲೆಕ್ಕ ಹಾಕಿದರೆ ಸಾಕು. ಬಯಲುಸೀಮೆಯ ನಕ್ಷೆಯನ್ನು ಬೆಟ್ಟಕ್ಕೆ ತಂದು ಅಂಟಿಸಿದರೆ ಸಾಕು. ಮೇಲಿನವರು ಕೇಳಿದ ಅಂಕಿಯನ್ನೇ ವರದಿಯಲ್ಲಿ ಬರೆದುಕೊಟ್ಟರೆ ಸಾಕು. ಲಂಚ ಹಿಡಿಯಲು ಲೋಕಾಯುಕ್ತವಿದೆ, ಕಾಯಿದೆಯಿದೆ. ತಪ್ಪು ಲೆಕ್ಕಕ್ಕೆ ಹೊಣೆ ಕೇಳುವ ಬಾಗಿಲು ಎಲ್ಲಿದೆ ಎಂಬುದು ಈ ಹೊತ್ತಿನ ಪ್ರಶ್ನೆ.

ತಡೆಗೋಡೆಯ ವಿಷಯವನ್ನೇ ತುಸು ಬಿಡಿಸಿ ನೋಡಬಹುದು. ಗೋಡೆಯ ಹಿಂದಿರುವ ಮಣ್ಣು ಗೋಡೆಯನ್ನು ತಳ್ಳುತ್ತದೆಂಬುದು ಎಲ್ಲರಿಗೂ ಗೊತ್ತು. ಮಣ್ಣಿಗಿಂತ ಬಲವಾಗಿ ತಳ್ಳುವುದು ಮಣ್ಣಿನೊಳಗೆ ನಿಂತ ನೀರು. ಹತ್ತು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುದಿಯವರೆಗೆ ನಿಂತಿತೆಂದರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಹತ್ತು ಟನ್ ಒತ್ತಡ ಬೀಳುತ್ತದೆ. ಗೋಡೆಯ ಪ್ರತಿಯೊಂದು ಮೀಟರ್ ಉದ್ದಕ್ಕೆ ಒಟ್ಟು ಐವತ್ತು ಟನ್ನಿನ ತಳ್ಳು. ಇದು ಮಣ್ಣಿನ ಒತ್ತಡ ಬಿಟ್ಟು, ಬರೀ ನೀರಿನದು. ಐದಾರು ತುಂಬಿದ ಲಾರಿಗಳು ಸಾಲಾಗಿ ನಿಂತು ಒಂದು ಮೀಟರ್ ಅಗಲದ ಗೋಡೆಯನ್ನು ದೂಡಿದಂತೆ. ಆದ್ದರಿಂದ ಬೆಟ್ಟದ ನಾಡಿನಲ್ಲಿ ತಡೆಗೋಡೆಯ ಮೊದಲ ಕೆಲಸ ಮಣ್ಣನ್ನು ತಡೆಯುವುದಲ್ಲ, ನೀರನ್ನು ಬಿಟ್ಟುಕೊಡುವುದು. ಹಿಂಭಾಗಕ್ಕೆ ನೀರು ಸಲೀಸಾಗಿ ಬಸಿಯುವ ಜಲ್ಲಿ-ಮರಳು ತುಂಬಬೇಕು, ಗೋಡೆಯಲ್ಲಿ ಬಸಿಗಿಂಡಿಗಳಿರಬೇಕು, ಮೇಲಿನ ಇಳಿಜಾರಿನ ಮಳೆನೀರು ಗೋಡೆಯ ಬೆನ್ನಿಗೆ ಇಳಿಯದಂತೆ ತಲೆಯಲ್ಲೇ ಅಡ್ಡಗಾಲುವೆ ತೆಗೆಯಬೇಕು. ಅಗೆದು ತೆಗೆದ ಅದೇ ಮಣ್ಣನ್ನು ಗೋಡೆಯ ಹಿಂದೆ ತುಂಬಿದರೆ ಅದು ಮಳೆಗಾಲವಿಡೀ ನೀರು ಕುಡಿದು ಊದಿಕೊಳ್ಳುತ್ತದೆ.

ಇದರಲ್ಲಿ ಹೊಸತೇನೂ ಇಲ್ಲ. ಅಡಿಕೆ ತೋಟ ಮಾಡಿದ ಯಾವ ಹಿರಿಯರನ್ನು ಕೇಳಿದರೂ ಇದೇ ಮಾತು ಬರುತ್ತದೆ. ತೋಟಕ್ಕೆ ಮಣ್ಣು ಹಾಕುವ ಮೊದಲು ಬಸಿಗಾಲುವೆ ಬಿಡಿಸಬೇಕು. ಧರೆ ಕಡಿಯುವ ಮೊದಲು ತಲೆಗಾಲುವೆ ತೆಗೆಯಬೇಕು. ಒರತೆ ಕಂಡಲ್ಲಿ ಕಲ್ಲುಕಟ್ಟಣೆಯನ್ನು ಗಾರೆ ಹಾಕದೆ ಕಟ್ಟುತ್ತಿದ್ದುದು ಗಾರೆ ಇರಲಿಲ್ಲವೆಂದಲ್ಲ, ಸಂದಿಯಲ್ಲಿ ನೀರು ಹೋಗಲೆಂದು. ಕರಾವಳಿ-ಮಲೆನಾಡಿನ ಹಲವೆಡೆ ಜಂಬಿಟ್ಟಿಗೆಯ ಕೆಳಗೆ ಸಿಗುವ ಶೇಡಿ ಮಣ್ಣಿನ ಸ್ವಭಾವವೂ ಬಾವಿ ತೋಡುವವರಿಗೆ ಚೆನ್ನಾಗಿ ಗೊತ್ತು: ಒಣಗಿದ್ದಾಗ ಗಟ್ಟಿ, ನೆನೆದರೆ ಗಂಜಿ. ಈ ತಿಳಿವಳಿಕೆ ಅಂದಾಜುಪಟ್ಟಿ ತಯಾರಾಗುವ ಮೇಜನ್ನು ಮುಟ್ಟುವುದಿಲ್ಲ. ಅಲ್ಲಿ ದರಪಟ್ಟಿಯಿದೆ, ಮಾದರಿ ನಕ್ಷೆಯಿದೆ, ಮಾರ್ಚ್ 31ರೊಳಗೆ ಅನುದಾನ ಮುಗಿಸುವ ಅವಸರವಿದೆ. ಮಣ್ಣಿನ ಪರೀಕ್ಷೆಗೆ ಹೋಗುವ ಹಣ ಇಡೀ ಕಾಮಗಾರಿಯ ವೆಚ್ಚದಲ್ಲಿ ಅಲ್ಪ ಭಾಗ. ಕೈಬಿಡುವುದಾದರೆ ಮೊದಲು ಕೈಬಿಡುವುದೂ ಅದನ್ನೇ.

2018ರ ಕುಸಿತಗಳನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿತ್ತು. ಆರು ವರ್ಷಗಳ ನಂತರ, 2024ರ ಜುಲೈ 16ರ ಬೆಳಿಗ್ಗೆ, ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಬಿತ್ತು. ಚಹಾ ಅಂಗಡಿಯ ಕುಟುಂಬ, ಅಲ್ಲಿ ನಿಂತಿದ್ದ ಲಾರಿಗಳು, ಚಾಲಕರು ಮಣ್ಣಿನೊಡನೆ ಗಂಗಾವಳಿ ನದಿಯ ಪಾಲಾದರು. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಒಟ್ಟು ಹನ್ನೊಂದು ಜೀವಗಳು ಹೋದವು. ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ನೇರವಾಗಿ ಕಡಿದು ಬಿಟ್ಟಿದ್ದರೆಂಬುದನ್ನು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗರೂ ನೋಡಿದ್ದರು. ಹೊಣೆ ಯಾರದೆಂಬ ಮಾತು ಎದ್ದಾಗ ಕೇಂದ್ರದ ಪ್ರಾಧಿಕಾರ, ಗುತ್ತಿಗೆ ಕಂಪನಿ, ರಾಜ್ಯದ ಆಡಳಿತ ಒಂದನ್ನೊಂದು ನೋಡಿದವು. ಗುಡ್ಡವನ್ನು ಎಷ್ಟು ಡಿಗ್ರಿ ಕೋನದಲ್ಲಿ ಕಡಿಯಬೇಕೆಂದು ನಕ್ಷೆ ಬರೆದವರೊಬ್ಬರು ಇದ್ದಾರೆ, ಅದನ್ನು ಒಪ್ಪಿದವರೊಬ್ಬರು ಇದ್ದಾರೆ, ಸ್ಥಳದಲ್ಲಿ ಪರಿಶೀಲಿಸಿ ಸಹಿ ಹಾಕಿದವರೊಬ್ಬರು ಇದ್ದಾರೆ. ಅವರು ದುಷ್ಟರೆಂದು ಯಾರೂ ಹೇಳುತ್ತಿಲ್ಲ. ಅವರನ್ನು ಕೂರಿಸಿ 'ಈ ಕೋನವನ್ನು ಹೇಗೆ ನಿರ್ಧರಿಸಿದಿರಿ?' ಎಂದು ಬಹಿರಂಗವಾಗಿ ಕೇಳುವ ಏರ್ಪಾಡು ಮಾತ್ರ ಇಲ್ಲ.

ಸಣ್ಣ ಗೋಡೆಯಿಂದ ದೊಡ್ಡ ಕಾಲುವೆಗೆ ಬಂದರೆ ಅಂಕಿಗಳು ಬೆಳೆಯುತ್ತವೆ, ಸ್ವಭಾವ ಬದಲಾಗುವುದಿಲ್ಲ. ಕುಂದಾಪುರ ಸೀಮೆಯ ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಮಂಜೂರಾತಿ ಸಿಕ್ಕಾಗ ಅಂದಾಜು 9.43 ಕೋಟಿ ರೂಪಾಯಿ. ಎಡದಂಡೆ ಕಾಲುವೆಯಲ್ಲಿ ನೀರು ಹರಿಯಲು 2015 ಬರಬೇಕಾಯಿತು. ಅಷ್ಟರಲ್ಲಿ ವೆಚ್ಚ ನೂರಾರು ಕೋಟಿಗೆ ಏರಿತ್ತು. ನೀರು ಬರುತ್ತದೆಂದು ಗದ್ದೆ ಉಳಿಸಿಕೊಂಡ ತಂದೆ ಹೋಗಿ, ಮಗ ಬೆಂಗಳೂರು ಸೇರಿ, ಗದ್ದೆ ಹಡಿಲು ಬಿದ್ದ ಮೇಲೆ ಬಂದ ನೀರು ಅದು.

ಎತ್ತಿನಹೊಳೆಯ ಕಥೆ ಇನ್ನೂ ದೊಡ್ಡದು. ಸಕಲೇಶಪುರದ ಪಶ್ಚಿಮಕ್ಕೆ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, ಮಳೆಗಾಲದಲ್ಲಿ 24.01 ಟಿಎಂಸಿ ನೀರನ್ನು ಎತ್ತಿ, ಕೋಲಾರ-ಚಿಕ್ಕಬಳ್ಳಾಪುರದ ಕಡೆಗೆ ಹರಿಸುವ ಯೋಜನೆಯಿದು. 2012ರಲ್ಲಿ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರ ಪರಿಷ್ಕೃತ ಅಂದಾಜು 23,251 ಕೋಟಿ. ಹನ್ನೊಂದು ವರ್ಷಗಳಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಯೋಜನೆಯ ಫಲಾನುಭವಿಗಳೆಂದು ಸರ್ಕಾರ ಹೇಳುವ 75.59 ಲಕ್ಷ ಜನರಿಗೆ ಹಂಚಿದರೆ ತಲೆಗೆ ಮೂವತ್ತು ಸಾವಿರ ರೂಪಾಯಿಗೂ ಮೇಲೆ. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿ ಇಳಿದ ಕೊಳವೆಬಾವಿ, ಫ್ಲೋರೈಡಿನಿಂದ ಹಲ್ಲು-ಮೂಳೆ ಕೆಟ್ಟ ಮಕ್ಕಳು, ಇವನ್ನು ಕಂಡವರು ಆ ಜನರ ಬೇಡಿಕೆಯನ್ನು ಹಗುರವಾಗಿ ಮಾತಾಡಲಾರರು. ಅದಕ್ಕಾಗಿಯೇ ಲೆಕ್ಕ ಸರಿಯಿರಬೇಕಿತ್ತು.

ಆ ಲೆಕ್ಕವನ್ನು ಪಿಯುಸಿ ಓದುವ ಯಾವ ವಿದ್ಯಾರ್ಥಿಯೂ ಮಾಡಬಹುದು. 24.01 ಟಿಎಂಸಿ ಎಂದರೆ ಸುಮಾರು 68 ಕೋಟಿ ಘನ ಮೀಟರ್ ನೀರು. ಒಡ್ಡುಗಳ ಮೇಲಿನ ಜಲಾನಯನ ಪ್ರದೇಶ ಸುಮಾರು 176 ಚದರ ಕಿಲೋಮೀಟರ್, ಅಂದರೆ 17.6 ಕೋಟಿ ಚದರ ಮೀಟರ್. ಭಾಗಿಸಿದರೆ ಪ್ರತಿ ಚದರ ಮೀಟರ್ ನೆಲದಿಂದ ಸುಮಾರು 3.86 ಮೀಟರ್ ಎತ್ತರದ ನೀರು ಹರಿದು ಬಂದು ಒಡ್ಡು ಸೇರಬೇಕು. ಆ ಪ್ರದೇಶದಲ್ಲಿ ಬೀಳುವ ಮಳೆಯೇ ವರ್ಷಕ್ಕೆ ಮೂರರಿಂದ ಐದು ಸಾವಿರ ಮಿಲಿಮೀಟರ್. ಕಾಡು ಕುಡಿಯುವುದು, ನೆಲ ಇಂಗಿಸುವುದು, ಗಾಳಿಗೆ ಆರುವುದು, ಕೆಳಗಿನ ಹೊಳೆಗೆ ಬಿಡಬೇಕಾದುದು, ಪ್ರವಾಹದ ದಿನ ಪಂಪಿಗೆ ಸಿಗದೆ ಒಡ್ಡು ಹಾರಿ ಹೋಗುವುದು, ಇವೆಲ್ಲವನ್ನೂ ಕಳೆದರೆ 3.86 ಮೀಟರ್ ಎಲ್ಲಿಂದ ಬರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಇಡೀ ಜಲಾನಯನದ ವಾರ್ಷಿಕ ಇಳುವರಿಯನ್ನೇ 9.55 ಟಿಎಂಸಿ ಎಂದು ಅಂದಾಜಿಸಿತು. ಅದರಲ್ಲೂ ಬಹುಪಾಲು ಅಲ್ಲಿನ ಜನ, ಬೆಳೆ, ದನಕರು, ಹೊಳೆಯ ಜೀವಿಗಳಿಗೇ ಬೇಕೆಂದು ತೋರಿಸಿತು. 23,251 ಕೋಟಿಯನ್ನು 24.01ರಿಂದ ಭಾಗಿಸಿದರೆ ಟಿಎಂಸಿಗೆ 968 ಕೋಟಿ. 9.55ರಿಂದ ಭಾಗಿಸಿದರೆ 2,400 ಕೋಟಿಗೂ ಹೆಚ್ಚು.

ಇಲಾಖೆಯ ಲೆಕ್ಕವೇ ಸರಿ, ವಿಜ್ಞಾನಿಗಳದೇ ತಪ್ಪು ಎಂದು ವಾದಿಸುವವರೂ ಇದ್ದಾರೆ. ಇರಲಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಗಿ ಪಂಪುಗಳು ಓಡಿವೆ. ವಾದಕ್ಕೆ ಇನ್ನು ಜಾಗವಿಲ್ಲ, ಅಳತೆಗೆ ಜಾಗವಿದೆ. ಪ್ರತಿ ಒಡ್ಡಿನಿಂದ ದಿನಕ್ಕೆ ಎಷ್ಟು ನೀರು ಎತ್ತಲಾಯಿತು, ಕೆಳಗೆ ಎಷ್ಟು ಬಿಡಲಾಯಿತು, ವಿದ್ಯುತ್ ಎಷ್ಟು ಖರ್ಚಾಯಿತು ಎಂಬ ಮೂರು ಅಂಕಿಗಳನ್ನು ದಿನದಿನವೂ ಪ್ರಕಟಿಸಿದರೆ ಕೆಲವೇ ಮಳೆಗಾಲಗಳಲ್ಲಿ ಸತ್ಯ ತಾನಾಗಿ ಹೊರಬರುತ್ತದೆ. ಕುಡಿಯುವ ನೀರಿನ ಯೋಜನೆಯೆಂಬ ಕಾರಣಕ್ಕೆ ಪರಿಸರ ಅನುಮತಿಯ ಪ್ರಕ್ರಿಯೆಯಿಂದ ಹೊರಗುಳಿದ ಕಾಮಗಾರಿಯಿದು. ಒಟ್ಟು ನೀರಿನಲ್ಲಿ ಸುಮಾರು 10 ಟಿಎಂಸಿ ಕೆರೆ ತುಂಬಿಸಲು ಇಟ್ಟದ್ದಾದರೂ. ಜನರ ಮುಂದೆ ಮೊದಲೇ ಆಗಬೇಕಿದ್ದ ವಿಚಾರಣೆ ಹೀಗೆ ತಪ್ಪಿತು. ಆಮೇಲಿನ ಲೆಕ್ಕವನ್ನಾದರೂ ಮುಚ್ಚಿಡಬಾರದು.

ಹೊಣೆ ಏಕೆ ಯಾರ ಮೇಲೂ ನಿಲ್ಲುವುದಿಲ್ಲ? ಕಾಮಗಾರಿಯೊಂದು ಸಾಗುವ ದಾರಿ ನೋಡಿದರೆ ಉತ್ತರ ಸಿಗುತ್ತದೆ. ಶಾಸಕರ ಒತ್ತಾಯದಿಂದ ಬೇಡಿಕೆ, ಖಾಸಗಿ ಸಲಹಾ ಸಂಸ್ಥೆಯಿಂದ ಯೋಜನಾ ವರದಿ, ಒಬ್ಬ ಎಂಜಿನಿಯರರಿಂದ ತಾಂತ್ರಿಕ ಮಂಜೂರಾತಿ, ಸಚಿವಾಲಯದಿಂದ ಆಡಳಿತಾತ್ಮಕ ಮಂಜೂರಾತಿ, ಇನ್ನೊಬ್ಬರಿಂದ ಟೆಂಡರು, ಮತ್ತೊಬ್ಬರಿಂದ ಅಳತೆ ಪುಸ್ತಕದ ದಾಖಲೆ, ಮಗದೊಬ್ಬರಿಂದ ಬಿಲ್ಲು. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಗೋಡೆ ಉಬ್ಬುವ ಹೊತ್ತಿಗೆ ಸ್ಥಳದಲ್ಲಿರುವ ಅಧಿಕಾರಿ 'ನಾನು ಬರುವ ಮೊದಲಿನದು' ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಗುತ್ತಿಗೆದಾರರು 'ಕೊಟ್ಟ ನಕ್ಷೆಯಂತೆ ಕಟ್ಟಿದ್ದೇವೆ' ಎನ್ನುತ್ತಾರೆ, ಅದೂ ನಿಜವಿರಬಹುದು. ಗುತ್ತಿಗೆದಾರರ ಮೇಲೆ ದೋಷ ಸರಿಪಡಿಸುವ ಅವಧಿಯ ಹೊಣೆಯಿದೆ, ಭದ್ರತಾ ಠೇವಣಿಯೂ ಇದೆ. ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಐದು ವರ್ಷದ ನಿರ್ವಹಣೆಯೂ ಅವರದೇ. ಕಟ್ಟಿದವರಿಗೆ ಇರುವ ಈ ಹೊಣೆ ಕಟ್ಟಲು ಹೇಳಿದವರಿಗೆ ಇಲ್ಲ. ನಕ್ಷೆಯ ದೋಷಕ್ಕೆ ಠೇವಣಿಯಿಲ್ಲ.

ಇನ್ನೊಂದು ಬಾಗಿಲು ನಿಯಮದಲ್ಲೇ ಮುಚ್ಚಿದೆ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೆಯ ನಿಯಮದಂತೆ ನಿವೃತ್ತ ನೌಕರರ ಮೇಲೆ ಹೊಸದಾಗಿ ಇಲಾಖಾ ವಿಚಾರಣೆ ಆರಂಭಿಸಬೇಕಾದರೆ ಆ ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. ಮುದುಕರಾದ ಮೇಲೆ ಹಳೆಯ ದ್ವೇಷಕ್ಕೆ ಯಾರನ್ನೂ ಹಿಂಸಿಸಬಾರದೆಂಬ ಸದುದ್ದೇಶ ಅದರ ಹಿಂದಿದೆ. ಆದರೆ ಸೇತುವೆಯ ಪಾಯ, ಕಾಲುವೆಯ ಮಟ್ಟ, ಜಲಾನಯನದ ಇಳುವರಿ, ಇವುಗಳ ತಪ್ಪು ಹೊರಬೀಳಲು ನಾಲ್ಕು ವರ್ಷ ಸಾಲದು. ವರದಿಗೆ ಸಹಿ ಬಿದ್ದ ದಿನಕ್ಕೂ ನೀರು ಹರಿಯುವ ದಿನಕ್ಕೂ ನಡುವೆ ವಾರಾಹಿಯಲ್ಲಿ ಮೂವತ್ತಾರು ವರ್ಷ, ಎತ್ತಿನಹೊಳೆಯಲ್ಲಿ ಹನ್ನೆರಡು ವರ್ಷ ಕಳೆದವು. ಅಷ್ಟು ಹೊತ್ತಿಗೆ ಸಹಿ ಹಾಕಿದವರು ನಿವೃತ್ತರಾಗಿ, ಸನ್ಮಾನಿತರಾಗಿ, ಕೆಲವರು ಬೇರೆ ಯೋಜನೆಗಳಿಗೆ ಸಲಹೆಗಾರರೂ ಆಗಿರುತ್ತಾರೆ. ಮಹಾಲೇಖಪಾಲರ ವರದಿ ವಿಧಾನಮಂಡಲದಲ್ಲಿ ಮಂಡನೆಯಾಗುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ, ಪತ್ರಿಕೆಗಳಲ್ಲಿ ಒಂದು ದಿನ ಸುದ್ದಿಯಾಗುತ್ತದೆ. ವ್ಯರ್ಥವಾದ ಹಣದ ಮೊತ್ತ ಅದರಲ್ಲಿರುತ್ತದೆ, ತಪ್ಪು ಮಾಡಿದವರ ಹೆಸರಿರುವುದಿಲ್ಲ.

ಶಿಕ್ಷೆಯೊಂದೇ ಹೊಣೆಗಾರಿಕೆಯಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ತಪ್ಪು ಮಾಡಿದ ಎಂಜಿನಿಯರರನ್ನೆಲ್ಲ ಅಮಾನತು ಮಾಡುತ್ತ ಹೋದರೆ ಯಾರೂ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಅಥವಾ ತಪ್ಪನ್ನು ಇನ್ನಷ್ಟು ಆಳದಲ್ಲಿ ಹೂಳುತ್ತಾರೆ. 1994ರ ಮೇ 13ರಂದು ಕೈಗಾ ಅಣುಸ್ಥಾವರದ ಮೊದಲ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟು ಕಳಚಿ ಬಿದ್ದಾಗ ಕೆಲಸ ನಿಂತಿತು, ಕಾರಣ ಹುಡುಕಲಾಯಿತು, ವಿನ್ಯಾಸ ಬದಲಾಯಿತು, ಗುಮ್ಮಟವನ್ನು ಹೊಸದಾಗಿ ಕಟ್ಟಲಾಯಿತು. ಕೈಗಾವನ್ನು ಅಂದೂ ಇಂದೂ ವಿರೋಧಿಸುವವರು ಮಲೆನಾಡಿನಲ್ಲಿ ಬಹಳ. ಅವರೂ ಗಮನಿಸಬೇಕಾದ ಸಂಗತಿ ಇಷ್ಟೇ: ಬಿದ್ದ ಗುಮ್ಮಟದ ಕಾರಣ ಹುಡುಕುವ ಪದ್ಧತಿ ಅಲ್ಲಿತ್ತು. ಕುಸಿದ ಮೋರಿಗೆ, ಮೊದಲ ಮಳೆಗೇ ಕೊಚ್ಚಿಹೋದ ಕಾಲುಸಂಕಕ್ಕೆ, ಹಲಗೆ ಹಾಕುವವರಿಲ್ಲದೆ ನೀರು ನಿಲ್ಲದ ಕಿಂಡಿ ಅಣೆಕಟ್ಟಿಗೆ, ಬೇಸಿಗೆಯಲ್ಲಿ ಒರತೆ ಎಷ್ಟಿರುತ್ತದೆಂದು ನೋಡದೆ ಎಳೆದ ನಲ್ಲಿಯ ಕೊಳವೆಗೆ ಆ ಪದ್ಧತಿಯಿಲ್ಲ. ಕುಸಿದದ್ದನ್ನು 'ಪ್ರಕೃತಿ ವಿಕೋಪ'ದ ಲೆಕ್ಕಕ್ಕೆ ಬರೆದು, ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವುದೇ ರೂಢಿ. ಮಳೆಗೆ ಸಹಿ ಹಾಕಲು ಬರುವುದಿಲ್ಲವಲ್ಲ, ಆದ್ದರಿಂದ ಎಲ್ಲ ತಪ್ಪೂ ಮಳೆಯದೇ.

ಬೇಕಾದುದು ದೊಡ್ಡ ಕ್ರಾಂತಿಯೇನಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಸಚಿವರಿಂದ ಹಿಡಿದು ಪಂಚಾಯಿತಿ ಸದಸ್ಯರವರೆಗೆ ಹೆಸರು ಕೆತ್ತಿಸಲು ಜಾಗವಿದೆ. ವಿನ್ಯಾಸ ಮಾಡಿದವರ, ತಾಂತ್ರಿಕ ಮಂಜೂರಾತಿ ಕೊಟ್ಟವರ ಹೆಸರಿಗೆ ಎರಡು ಸಾಲು ಸಾಕು. ಯಾವುದೇ ದೊಡ್ಡ ಕಾಮಗಾರಿಯ ಮಣ್ಣಿನ ಪರೀಕ್ಷೆ ಮತ್ತು ನೀರಿನ ಲೆಕ್ಕ ಟೆಂಡರಿಗಿಂತ ಮೊದಲು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕು. ರಚನೆ ಸೋತಾಗ ತನಿಖೆ ಮಾಡುವವರು ಅದನ್ನು ವಿನ್ಯಾಸ ಮಾಡಿದ ಇಲಾಖೆಯವರಾಗಿರಬಾರದು, ವರದಿ ಕಪಾಟಿನಲ್ಲಿ ಉಳಿಯಲೂಬಾರದು. 214ನೆಯ ನಿಯಮದ ನಾಲ್ಕು ವರ್ಷದ ಗಡುವು ಲೋಕೋಪಯೋಗಿ ಮತ್ತು ನೀರಾವರಿ ವಿನ್ಯಾಸಗಳಿಗೆ ಸಂಬಂಧಿಸಿದಂತೆ ದೋಷ ಕಂಡ ದಿನದಿಂದ ಎಣಿಕೆಯಾಗಬೇಕು, ಸಹಿ ಬಿದ್ದ ದಿನದಿಂದಲ್ಲ. ಇದಕ್ಕೆ ಶಾಸಕರ ಬಾಯಿ ತೆರೆಯಬೇಕು. ಬೆಟ್ಟದ ತಾಲೂಕುಗಳ ಶಾಸಕರು ಈ ಪ್ರಶ್ನೆಯನ್ನು ಸದನದಲ್ಲಿ ಎತ್ತುವರೇ ಎಂದು ಮತದಾರರು ಚುನಾವಣೆಗೆ ಕಾಯದೆ ಈಗಲೇ ಕೇಳಬಹುದು.

ಶಾಸಕರನ್ನು ಕಾಯದೆ ಮಾಡಬಹುದಾದ ಕೆಲಸವೂ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯೆಂದರೆ ಕಾಗದದ ನಕಲು ಪಡೆಯುವ ಕಾಯಿದೆಯೆಂದಷ್ಟೇ ಹಲವರು ತಿಳಿದಿದ್ದಾರೆ. ಅದರ 2(ಜೆ) ವಿಧಿ ಕಾಮಗಾರಿಯನ್ನು ಸ್ಥಳದಲ್ಲಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಹತ್ತು ರೂಪಾಯಿ ಶುಲ್ಕದ ಅರ್ಜಿ, ಮೂವತ್ತು ದಿನದ ಗಡುವು. ಉದ್ಯೋಗ ಖಾತರಿಯ ಕಾಮಗಾರಿಗಳ ಸಾಮಾಜಿಕ ಲೆಕ್ಕ ಪರಿಶೋಧನೆ ಹಳ್ಳಿಯ ಹೆಂಗಸರಿಗೂ ಅಳತೆ ಪುಸ್ತಕ ಓದುವುದನ್ನು ಕಲಿಸಿದೆ. ಆ ಕಲಿಕೆಯನ್ನು ಲಕ್ಷದ ಕಾಮಗಾರಿಯಿಂದ ಕೋಟಿಯ ಕಾಮಗಾರಿಗೆ ಏರಿಸಬೇಕಾಗಿದೆ.

ಕಾಲೇಜು ವಿದ್ಯಾರ್ಥಿಗಳಿಗೆ ಈ ಮಳೆಗಾಲಕ್ಕೆ ಒಂದು ಕೆಲಸ ಒಪ್ಪಿಸಬಹುದು. ಊರಿನ ಒಂದು ಹೊಸ ತಡೆಗೋಡೆ, ಒಂದು ಮೋರಿ, ಒಂದು ಕಿಂಡಿ ಅಣೆಕಟ್ಟು ಆರಿಸಿಕೊಳ್ಳಲಿ. ಗೋಡೆಯ ಬಸಿಗಿಂಡಿಗಳಲ್ಲಿ ಜೋರು ಮಳೆಯ ಮರುದಿನ ನೀರು ಬರುತ್ತಿದೆಯೇ, ಅಥವಾ ಗೋಡೆಯ ಬುಡದಲ್ಲಿ ಕೆಸರು ಜಿನುಗುತ್ತಿದೆಯೇ, ಮೇಲೆ ನೆಲದಲ್ಲಿ ಅರ್ಧಚಂದ್ರದ ಬಿರುಕು ಕಾಣುತ್ತಿದೆಯೇ ಎಂದು ದಿನಾಂಕದೊಡನೆ ಬರೆದಿಡಲಿ. ಕಾಫಿ ತೋಟದ ಮನೆಗಳಲ್ಲಿ ದಶಕಗಳಿಂದ ಮಳೆಯ ಲೆಕ್ಕದ ಪುಸ್ತಕವಿದೆ. ಆ ದಿನದ ಇಂಚುಗಳನ್ನು ಅಲ್ಲಿಂದ ಕೇಳಿ ಪಕ್ಕದಲ್ಲಿ ಸೇರಿಸಲಿ. ಜೊತೆಗೆ ಆ ಕಾಮಗಾರಿಯ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ ಮತ್ತು ಅಳತೆ ಪುಸ್ತಕದ ನಕಲಿಗೆ ಒಂದು ಅರ್ಜಿ ಹಾಕಲಿ. ಬಂದ ದಾಖಲೆಗಳನ್ನೂ, ಬಾರದ ಉತ್ತರಗಳನ್ನೂ ಅರ್ಜಿಯ ದಿನಾಂಕದೊಡನೆ ಈ ಪತ್ರಿಕೆಗೆ ಕಳುಹಿಸಲಿ. ದೀಪಾವಳಿಯ ಹೊತ್ತಿಗೆ ಅವೆಲ್ಲವೂ ಊರಿನ ಹೆಸರಿನೊಂದಿಗೆ ಇದೇ ಪುಟದಲ್ಲಿ ಅಚ್ಚಾಗುತ್ತವೆ.